ಭರಣಿಯಲ್ಲಿಟ್ಟ ನಿದ್ದೆ

ರಾತ್ರಿ ಬಾಗಿಲು ಬಡಿದ ಸದ್ದಾಯಿತು. ಮೂರು ಸಲ, ತುಸು ಬಿಡುವಿನ ಬಳಿಕ ಮತ್ತೆ ಮೂರು ಸಲ. ನಾನು ಎದ್ದು ಕುಳಿತಾಗ ಪಕ್ಕದಲ್ಲಿ ಯಜಮಾನರು ಆಗಲೇ ಕನ್ನಡಕಕ್ಕಾಗಿ ತಡಕಾಡುತ್ತಿದ್ದರು. ಒಳಕೋಣೆಯಿಂದ ಅತ್ತೆಯವರ ದನಿ ಕೇಳಿಸಿತು: “ಆಗಿನಿಂದ ಯಾರೋ ಬಡೀತಾ ಇದಾರೆ. ಈ ಮನೇಲಿ ಮನುಷ್ಯರು ಅಂತ ಯಾರೂ ಇಲ್ವೇನ್ರೋ?” ದೀಪ ಹಾಕಿ, ಚಿಲಕ ಸರಿಸಿ, ಸರಪಳಿಯನ್ನು ಮಾತ್ರ ಹಾಗೆಯೇ ಬಿಟ್ಟು ಸಂದಿನಲ್ಲಿ ಇಣುಕಿದೆ. ಜಗುಲಿಯ ಮೇಲೆ ನಾಗೋಜಿ ಮೇಸ್ತ್ರಿ ನಿಂತಿದ್ದರು. ಅವರ ಹಿಂದೆ ಹೆಂಡತಿ ಕಾಳಮ್ಮ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಜಗಳಕ್ಕೆ ಸಿದ್ಧವಾಗಿಯೇ ಬಂದಂತಿದ್ದಳು.

“ಅಮ್ಮಾರೇ, ಹೊತ್ತಲ್ಲದ ಹೊತ್ತಲ್ಲಿ ಬಂದೆ, ಬೇಜಾರು ಮಾಡ್ಕೋಬೇಡಿ,” ಎಂದರು ಮೇಸ್ತ್ರಿ, ಬಹಳ ಮೆಲ್ಲಗೆ. “ನನ್ನ ನಿದ್ದೇನ ಬೇರೆ ಯಾರೋ ಮಾಡ್ತಾ ಇದಾರೆ.”

ನನ್ನ ಕೈ ಸೊಂಟದಲ್ಲಿದ್ದ ಬೀಗದ ಕೈಗಳ ಗೊಂಚಲಿಗೆ ಹೋಯಿತು.

ಆ ಹೊತ್ತಿಗೆ ನಮ್ಮ ಮನೆಗೆ ಹಿಂಭಾಗವೆಂಬುದೇ ಇರಲಿಲ್ಲ. ಹಳೆಯ ಬಚ್ಚಲುಮನೆಯನ್ನೂ ಅದಕ್ಕೆ ಅಂಟಿಕೊಂಡಿದ್ದ ಅಡಿಗೆಮನೆಯ ಗೋಡೆಯನ್ನೂ ಕೆಡವಿ ಹದಿನೆಂಟು ದಿನಗಳಾಗಿದ್ದವು. ಹೊಸ ಗೋಡೆ ಎದ್ದಿತ್ತು, ನೆಲ ಎದ್ದಿರಲಿಲ್ಲ. ಕೊಳವೆಗಳು ಬಂದು ಮೂಲೆಯಲ್ಲಿ ಒರಗಿದ್ದವು; ನೀರು ಬಂದಿರಲಿಲ್ಲ. ಮಗಳು ವೈಜಯಂತಿ ಮೊದಲ ಹೆರಿಗೆಗೆ ಶನಿವಾರ ಬರುವವಳಿದ್ದಳು, ಅದೂ ದಿನ ತುಂಬುತ್ತಿರುವ ಹೊಟ್ಟೆ ಹೊತ್ತುಕೊಂಡು. ಪಾಚಿ ಹಿಡಿದ ಕಲ್ಲುಹಾಸು, ಮೊಣಕಾಲೆತ್ತರದ ಹೊಸ್ತಿಲು, ಅತ್ತೆಯವರನ್ನು ಎರಡು ಬಾರಿ ಕೆಡವಿದ್ದ ಕತ್ತಲೆ: ಇಂಥ ಬಚ್ಚಲಿನಲ್ಲಿ ಬಾಣಂತಿಗೆ ನೀರು ಹಾಕುವುದು ಹೇಗೆ ಎಂಬ ಚಿಂತೆಯಿಂದಲೇ ನಾನು ಈ ಕೆಲಸಕ್ಕೆ ಕೈಹಾಕಿದ್ದು. ಅಂದು ಭಾನುವಾರ. ನನ್ನ ಬಳಿ ಉಳಿದಿದ್ದದ್ದು ಐದೇ ಹಗಲು.

ಮನೆ ಕೆಡವಿಸುವ ಮುನ್ನ ನನ್ನಷ್ಟು ಎಚ್ಚರ ವಹಿಸಿದವರು ನಮ್ಮ ಊರಿನಲ್ಲಿ ಇನ್ನೊಬ್ಬರಿಲ್ಲ. ಎದುರುಮನೆಯ ತುಂಗಕ್ಕನ ಗತಿಯನ್ನು ಕಣ್ಣಾರೆ ಕಂಡಿದ್ದೆ. ಹೊರಗಿನಿಂದ ಬಂದ ಗುತ್ತಿಗೆದಾರನೊಬ್ಬ, “ನಿದ್ದೆ ಒತ್ತೆಯಿಡೋದೆಲ್ಲ ಹಳೇ ಕಾಲದ್ದು, ನನ್ನ ಮಾತೇ ಸಾಲದಾ ಅಕ್ಕಾ?” ಎಂದು ನಕ್ಕ, ಆ ನಗುವನ್ನು ಈಕೆ ನಂಬಿದಳು. ಆತ ಮಾಡಿನ ಹೆಂಚುಗಳನ್ನೆಲ್ಲ ಇಳಿಸಿ, ಅಂದವಾಗಿ ಜೋಡಿಸಿ, ಊಟಕ್ಕೆಂದು ಹೋದವನು ಇನ್ನೂ ಊಟ ಮಾಡುತ್ತಲೇ ಇದ್ದಾನೆ. ಆ ವರ್ಷದ ಮಳೆಗಾಲವನ್ನು ತುಂಗಕ್ಕ ಅಡಿಗೆಮನೆಯಲ್ಲಿ ಕೊಡೆ ಹಿಡಿದು ಒಗ್ಗರಣೆ ಹಾಕುತ್ತ ಕಳೆದಳು.

ಆದ್ದರಿಂದ ನಾನು ಮೂವರು ಮೇಸ್ತ್ರಿಗಳನ್ನು ಕರೆಸಿ ವಿಚಾರಿಸಿದೆ. ಮೂವರೂ ಹಿಂದೆ ಕಟ್ಟಿದ ಬಚ್ಚಲುಮನೆಗಳಿಗೆ ಖುದ್ದಾಗಿ ಹೋದೆ. ಒಂದು ಬಕೆಟ್ ನೀರಿಗೆ ಅರಿಸಿನ ಕದಡಿ ನೆಲಕ್ಕೆ ಸುರಿದು, ಅದು ಮೋರಿಯ ಕಡೆಗೆ ಓಡುತ್ತದೆಯೋ ಬಾಗಿಲ ಕಡೆಗೆ ಓಡುತ್ತದೆಯೋ ನೋಡಿದೆ. ನಾಣ್ಯದಿಂದ ಟೈಲ್ಸುಗಳನ್ನು ಕುಟ್ಟಿ, ಒಳಗೆ ಪೊಳ್ಳೋ ಗಟ್ಟಿಯೋ ಎಂದು ಕಿವಿಗೊಟ್ಟು ಆಲಿಸಿದೆ. ಆ ಮನೆಯವರನ್ನು ಕೆಲಸ ಹೇಗಿದೆ ಎಂದು ನಾನು ಕೇಳಲಿಲ್ಲ. ಕೆಲಸ ಕೆಟ್ಟಾಗ ಕರೆದರೆ ಬಂದನೇ ಎಂದು ಕೇಳಿದೆ. ನಾಗೋಜಿಯವರ ಹೆಸರು ಹೇಳಿದ ಕಡೆಯೆಲ್ಲ, ಬಂದರು ಎಂಬ ಉತ್ತರ ಬಂತು. ಬಳಿಕ ಹನ್ನೊಂದು ಹಾಳೆಯ ಕರಾರುಪತ್ರ ಬರೆಸಿದೆ. ಯಾವ ಕೊಳವೆ, ನೀರಿಳಿಯಲು ಎಷ್ಟು ವಾಟ, ಯಾವ ಹಂತ ಮುಗಿದರೆ ಎಷ್ಟು ಕೊಡುವುದು, ತಡವಾದರೆ ಏನು ಎಂಬುದೆಲ್ಲ ಅದರಲ್ಲಿತ್ತು. ನಾಗೋಜಿ ಅದನ್ನು ಓದಿ, “ಅಮ್ಮಾರೇ, ನನ್ನ ಮದುವೆ ಮಾತುಕತೇನೂ ಇಷ್ಟುದ್ದ ಇರಲಿಲ್ಲ,” ಎಂದು ಕೈ ಒರೆಸಿಕೊಂಡು ರುಜು ಹಾಕಿದರು.

ಕೊನೆಗೆ ಎಲ್ಲರಂತೆ ನಾವೂ ಠೇವಣಿ ಕಚೇರಿಗೆ ಹೋದೆವು. ಗುಮಾಸ್ತ ಮರಿಬಸಯ್ಯನವರು ಪಿಂಗಾಣಿ ಭರಣಿಯ ಬಾಯಿಗೆ ತಾಮ್ರದ ಆಲಿಕೆ ಇಟ್ಟರು. ನಾಗೋಜಿ ಅದರೊಳಕ್ಕೆ ಮೂರು ಸಲ ಆಕಳಿಸಿದರು. ಒಂದು ಸೇರು ನಿದ್ದೆ ಭರ್ತಿಯಾಯಿತು. ಮುಚ್ಚಳ ಹಾಕಿ, ಭರಣಿಯನ್ನು ನನ್ನ ಕೈಗಿತ್ತು, ರಸೀತಿ ಹರಿದುಕೊಟ್ಟರು. ಕೆಲಸ ಮುಗಿದು ನಾನು ಒಪ್ಪುವ ತನಕ ಮೇಸ್ತ್ರಿಗೆ ನಿದ್ದೆಯಿಲ್ಲ.

ಇದರಿಂದ ಯಾರಿಗೂ ಕೆಡುಕಾಗಿಲ್ಲ. ನಿದ್ದೆ ಒತ್ತೆಯಿಟ್ಟ ಮೇಸ್ತ್ರಿಗಳಿಗೆಂದೇ ಕೆರೆ ಏರಿಯ ಮೇಲೊಂದು ಚಹದಂಗಡಿ ಬೆಳಗಿನ ತನಕ ತೆರೆದಿರುತ್ತದೆ. ಅಲ್ಲಿ ಅವರು ಚೌಕಾಬಾರ ಆಡುತ್ತ, ಒಬ್ಬರ ಗಾರೆಯನ್ನು ಇನ್ನೊಬ್ಬರು ಹಳಿಯುತ್ತ ಕೂತಿರುತ್ತಾರೆ. ಭರಣಿ ಮರಳಿ ಕೈಸೇರಿದ ದಿನ ಮೇಸ್ತ್ರಿಯ ಹೆಂಡತಿ ಮನೆಬಾಗಿಲಿಗೆ ಬಾಣಲೆಯೊಂದನ್ನು ಬೋರಲಾಗಿ ತೂಗುಹಾಕುತ್ತಾಳೆ. ಅದನ್ನು ಕಂಡರೆ ಸೊಪ್ಪು ಮಾರುವವಳೂ ಕೂಗದೆ ಮುಂದಕ್ಕೆ ಹೋಗುತ್ತಾಳೆ. ಮೂರು ದಿನ ಆ ಮನೆಯಿಂದ ಗೊರಕೆಯಲ್ಲದೆ ಬೇರೆ ಸದ್ದು ಬರುವುದಿಲ್ಲ.

ಭರಣಿಯನ್ನು ನಾನು ಮಲಗುವ ಕೋಣೆಯ ಬೀರುವಿನಲ್ಲಿಟ್ಟೆ. ಬೀರುವಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಪ್ರತಿ ರಾತ್ರಿ ಮಲಗುವ ಮುನ್ನ ಬೀರು ತೆರೆದು, ಮುಚ್ಚಳವೆತ್ತಿ, ಒಳಗೆ ಎಲ್ಲವೂ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡೇ ದೀಪ ಆರಿಸುತ್ತಿದ್ದೆ. ಇಷ್ಟು ಮಾಡಿದವಳ ಮನೆಯಲ್ಲೇ ಕಳ್ಳತನವೆಂದರೆ?

“ಭರಣಿ ತನ್ನಿ ಅಮ್ಮಾರೇ,” ಎಂದಳು ಕಾಳಮ್ಮ ಒಳಗೆ ಬಂದವಳೇ. “ಈವಯ್ಯ ಹತ್ತು ದಿನದಿಂದ ಒದ್ದಾಡ್ತಾ ಇದಾನೆ. ‘ನನ್ನ ಚಪ್ಪಲಿ ಮೆಟ್ಕೊಂಡು ಯಾರೋ ಓಡಾಡ್ತಿದ್ದಂಗೆ ಆಗ್ತದೆ ಕಣೇ’ ಅಂತಾನೆ.”

ಭರಣಿ ಬಂತು. ಎಲ್ಲರ ಮುಂದೆ ಮುಚ್ಚಳ ತೆಗೆದೆ. ಹಿಂಜಿದ ಅರಳೆಯಂತೆ ತುಂಬಿ ತುಳುಕಬೇಕಿದ್ದ ನಿದ್ದೆ ಭರಣಿಯ ಭುಜಕ್ಕಿಂತ ಕೆಳಗಿಳಿದಿತ್ತು. ಕಾಳಮ್ಮ ಸೌಟಿನ ಹಿಡಿ ಇಳಿಬಿಟ್ಟು ಅಳೆದು, ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

“ಒಂದು ಪಾವು ಇಲ್ಲ.”

“ದಿನಾ ನೋಡ್ತಿದ್ದೆಯಲ್ಲೇ!” ಎಂದರು ಯಜಮಾನರು.

“ದಿನಾ ನೋಡೋ ಮಗು ಬೆಳೆದದ್ದು ತಾಯಿಗೆ ಗೊತ್ತಾಗುತ್ತೇನ್ರೀ?” ಎಂದು ನಾನು ಸಿಡುಕಿದೆ. ಬೀರುವಿನ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದೆ. ಬೀಗ ಮುರಿದಿರಲಿಲ್ಲ. ಕಳ್ಳ ಹೊರಗಿನವನಲ್ಲ.

ಸೋಮವಾರ ಬೆಳಗ್ಗೆ ಮರಿಬಸಯ್ಯನವರು ಕಂಕುಳಲ್ಲಿ ದಪ್ಪ ಪುಸ್ತಕವಿಟ್ಟುಕೊಂಡು ಬಂದರು. ಅವರು ಮಾತನಾಡುವುದು ಕಡಿಮೆ, ಆಡಿದ್ದು ಕಾನೂನು. ಭರಣಿಯನ್ನು ಅರಗು ಹಾಕಿ ಮುದ್ರೆಯೊತ್ತಿ, ಕಳ್ಳ ಸಿಗುವ ತನಕ ಕೆಲಸ ನಿಲ್ಲಿಸಿದರು. ಗುರುವಾರ ಹನ್ನೊಂದು ಗಂಟೆಯೊಳಗೆ ಕಳ್ಳ ಸಿಕ್ಕರೆ, ಕಡಿಮೆಬಿದ್ದ ಪಾವು ನಿದ್ದೆಯನ್ನು ಆ ಕಳ್ಳ ತನ್ನ ಪಾಲಿನಿಂದ ತುಂಬಿಕೊಡಬೇಕು; ಕೆಲಸ ಮುಂದುವರಿಯುತ್ತದೆ. ಸಿಗದಿದ್ದರೆ ನಾಗೋಜಿ ಉಳಿದ ನಿದ್ದೆಯನ್ನು ತೆಗೆದುಕೊಂಡು ಹೊರಟುಹೋಗಬಹುದು. ಹಾಗೆ ಬಿಟ್ಟುಹೋದ ಕೆಲಸವನ್ನು ಈ ಊರಿನ ಬೇರಾವ ಮೇಸ್ತ್ರಿಯೂ ಮುಟ್ಟುವುದಿಲ್ಲ.

“ಕಳ್ಳನ್ನ ಹಿಡಿಯೋದು ಹೇಗೆ ಸ್ವಾಮಿ?” ಎಂದೆ.

“ಕನಸಿನಿಂದ,” ಎಂದರು ಗುಮಾಸ್ತರು. “ನಿದ್ದೆ ಯಾರದೋ ಕನಸೂ ಅವರದೇ. ಕದ್ದವರಿಗೆ ಅದೇ ಬೀಳುತ್ತೆ.” ನಾಗೋಜಿಯನ್ನು ಮರಳಿನ ಗುಡ್ಡೆಯ ಆಚೆಗೆ ಕರೆದೊಯ್ದು, ಅವರು ಕಿವಿಯಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಮಡಚಿ ಜೇಬಿಗಿಟ್ಟರು. ಬರೆಯುವಾಗ ಅವರ ಮೀಸೆ ಒಮ್ಮೆ ಅಲುಗಿತು. ಹೊರಡುವ ಮುಂಚೆ ನನ್ನತ್ತ ತಿರುಗಿ, “ಪತ್ತೆ ಮಾಡೋ ಜವಾಬ್ದಾರಿ ಮನೆಯೊಡತಿಯದು. ಕನಸು ಏನು ಅಂತ ಮಾತ್ರ ನಿಮಗೂ ಹೇಳೋ ಹಾಗಿಲ್ಲ,” ಎಂದರು.

ಹೇಳಬೇಕಾದ ಅಗತ್ಯವೇನಿತ್ತು? ಮೇಸ್ತ್ರಿಯ ಕನಸಿನಲ್ಲಿ ಇಟ್ಟಿಗೆ, ಗಾರೆ, ಮಟ್ಟಗೋಲು, ತೂಕದ ಗುಂಡು ಇವಲ್ಲದೆ ಮತ್ತೇನು ಬಂದೀತು? ನಮ್ಮ ಮನೆಯಲ್ಲಿ ಇಟ್ಟಿಗೆಯ ಕನಸು ಯಾರಿಗೆ ಬೀಳುತ್ತಿದೆಯೋ ಅವರೇ ಕಳ್ಳರು. ನಾನು ಸೆರಗು ಬಿಗಿದೆ.

ಮೊದಲ ಸರದಿ ಯಜಮಾನರದು. ಶ್ರೀಪತಿರಾಯರಿಗೆ ಮದುವೆಯಾದಂದಿನಿಂದಲೂ ಒಳ್ಳೆಯ ನಿದ್ದೆ. ಆದರೂ ಬೀರುವಿಗೆ ಒಂದು ಮೊಳ ದೂರದಲ್ಲಿ ಮಲಗುವವರು. ಮಂಗಳವಾರ ಬೆಳಗ್ಗೆ ಕಾಫಿ ಲೋಟ ಕೈಗೆ ಕೊಡದೆ ಮುಂದೆ ಹಿಡಿದು ನಿಂತೆ.

“ರಾತ್ರಿ ಏನು ಕನಸು ಬಿತ್ತು, ಮೊದಲು ಹೇಳಿ.”

“ಅಯ್ಯೋ, ಅದೇ ಕಣೇ. ಸ್ಕೂಲ್ ಇನ್ಸ್‌ಪೆಕ್ಟರ್ ಬಂದಿದಾರೆ, ಹದಿಮೂರರ ಮಗ್ಗಿ ಹೇಳು ಅಂತಾರೆ, ನನ್ನ ಮೈಮೇಲೆ ಅಂಗಿ ಇಲ್ಲ.”

“ಅಲ್ಲೆಲ್ಲಾದ್ರೂ ಇಟ್ಟಿಗೆ ಇತ್ತಾ?”

“ಇಟ್ಟಿಗೆ ಇದ್ದಿದ್ರೆ ಅದರ ಹಿಂದೆ ಬಚ್ಚಿಟ್ಕೋತಿದ್ದೆ,” ಎಂದು ಅವರು ದೀನರಾಗಿ ಕೈ ಚಾಚಿದರು. ಕಾಫಿ ಕೊಟ್ಟೆ.

ಎರಡನೆಯ ಸಂಶಯ ತುಂಗಕ್ಕನ ಮೇಲೆ. ಕೆಡವಿದ ಗೋಡೆಯ ಕಡೆಯಿಂದ ದಿನಕ್ಕೆ ನಾಲ್ಕು ಸಲ ಒಳಗೆ ಬಂದು ಕೆಲಸ ನೋಡಿಕೊಂಡು ಹೋಗುವವಳು ಅವಳು. ಸುತ್ತಿ ಬಳಸಿ ಕೇಳಿದರೆ ಅವಳು ನೇರವಾಗಿಯೇ ಉತ್ತರಿಸಿದಳು: “ನಂಗೆ ಕನಸು ಬಿದ್ರೂ ಅದರಲ್ಲೂ ಕೊಡೆ ಹಿಡ್ಕೊಂಡೇ ಇರ್ತೀನಿ ಕಣೇ. ನನ್ನ ಅನುಮಾನ ಪಡ್ತೀಯಾ? ನಿನ್ನ ಬಚ್ಚಲಲ್ಲಿ ನೀರು ಹಿಮ್ಮುಖ ಹರೀಲಿ!” ಎರಡು ದಿನ ಮಾತು ಬಿಟ್ಟಳು, ಬಂದು ನೋಡುವುದನ್ನು ಮಾತ್ರ ಬಿಡಲಿಲ್ಲ.

ಇತ್ತ ನಾಗೋಜಿ ಮರಳಿನ ಗುಡ್ಡೆಯ ಮೇಲೆ ಗಾರೆ ಬಳಿಯುವ ಕರಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. “ನಿದ್ದೇನೂ ಇಲ್ಲ, ಕೆಲಸಾನೂ ಇಲ್ಲ ಅಂದ್ರೆ ಮನುಷ್ಯ ಏನ್ ಮಾಡ್ಬೇಕು ಅಮ್ಮಾರೇ? ನಿಮ್ಮ ಬೇಲಿ ಗಿಡಗಳ ಎಲೆ ಎಲ್ಲಾ ಎಣಿಸಾಯ್ತು. ಬೇಗ ಕಂಡುಹಿಡೀರಿ.” ಅವರ ಮುಖದಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಾಗಿತ್ತು. ಎದುರಿಗೆ ಅರ್ಧ ಮುಗಿದ ಬಚ್ಚಲು ಬಾಯಿ ತೆರೆದುಕೊಂಡು ಬಿದ್ದಿತ್ತು. ಮಂಗಳವಾರ ಸಂಜೆ ವೈಜಯಂತಿ ಫೋನು ಮಾಡಿ, “ಅಮ್ಮಾ, ಬಿಸಿನೀರು ಕೊಳಾಯೀಲೇ ಬರುತ್ತಾ?” ಎಂದು ಆಸೆಯಿಂದ ಕೇಳಿದಳು. ನಾನು ಹ್ಞೂಂ ಎಂದೆ.

ಬುಧವಾರ ಮಧ್ಯಾಹ್ನ ಸುಳಿವು ಸಿಕ್ಕಿತು. ಊಟವಾದ ಮೇಲೆ ಅತ್ತೆಯವರ ಕೋಣೆಯ ಮುಂದೆ ಹಾದುಹೋಗುತ್ತಿದ್ದವಳು ಥಟ್ಟನೆ ನಿಂತೆ. ಒಳಗೆ ಗೊರಕೆ! ಹನ್ನೆರಡು ವರ್ಷಗಳಿಂದ ಕಣ್ಣಿಗೆ ರೆಪ್ಪೆ ಹತ್ತುವುದಿಲ್ಲವೆಂದು ಬಂದವರೆದುರೆಲ್ಲ ಹೇಳಿಕೊಳ್ಳುವ ನಮ್ಮತ್ತೆ ಗೊರಕೆ ಹೊಡೆಯುತ್ತಿದ್ದರು. ಉಸಿರು ಬಿಗಿಹಿಡಿದು ಬಾಗಿಲಿಗೆ ಕಿವಿಯಾನಿಸಿದೆ. ಗೊರಕೆ ನಿಂತಿತು. ನಿದ್ದೆಗಣ್ಣಿನ ಗೊಣಗು ಸ್ಪಷ್ಟವಾಗಿ ಕೇಳಿಸಿತು:

“ಮಟ್ಟ ನೋಡ್ರೀ... ಮೊದಲು ಮಟ್ಟ ನೋಡ್ರೀ...”

ಮೇಸ್ತ್ರಿಯ ಮಾತು, ಮೇಸ್ತ್ರಿಯ ಕನಸು! ಬೀಗದ ಕೈ ನನ್ನ ಸೊಂಟದಲ್ಲಿತ್ತು, ನಿಜ. ಆದರೆ ಸ್ನಾನಕ್ಕೆ ಹೋಗುವಾಗ ಅದನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದೆನಲ್ಲ! ಎಪ್ಪತ್ತೆಂಟರ ಮುದುಕಿ ಒಂದಿಷ್ಟು ನಿದ್ದೆಗೆ ಆಸೆಪಟ್ಟರೆ ಅದು ಮಹಾಪಾಪವೇನೂ ಅಲ್ಲ. ಆದರೂ ಮಗಳಿಗೆ ಬಚ್ಚಲು ಬೇಕಿತ್ತು. ಇಡೀ ರಾತ್ರಿ ಹೇಗೆ ಹೇಳುವುದೆಂದು ಹೊರಳಾಡಿದೆ. ಅಷ್ಟು ದಿನಗಳಲ್ಲಿ ನಾನು ಕಣ್ಣು ಮುಚ್ಚದೆ ಕಳೆದ ರಾತ್ರಿ ಅದೊಂದೇ.

ಗುರುವಾರ ಹತ್ತೂವರೆಗೆ ಹಿತ್ತಿಲಲ್ಲಿ ಎಲ್ಲರೂ ಸೇರಿದೆವು. ಮರಿಬಸಯ್ಯನವರು ಸಿಮೆಂಟು ಚೀಲಗಳ ಮೇಲೆ ಪುಸ್ತಕ ಬಿಡಿಸಿ ಕೂತರು. ತುಂಗಕ್ಕ ಮಾತು ಬಿಟ್ಟಿದ್ದರೂ ಮಣೆ ತಂದು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಳು. ಅತ್ತೆಯವರು ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ಹೊಸ ಗೋಡೆಯನ್ನು ಕುಟ್ಟಿ ನೋಡುತ್ತಿದ್ದರು.

“ಕಳ್ಳರು ಯಾರೇ ಆಗಿರಲಿ,” ಎಂದರು ಅವರು ಬಾಯ್ತುಂಬ, “ಈ ಮನೆಗೆ ಒಳ್ಳೇದೇ ಆಯ್ತು. ಕೂಸು ಹುಟ್ಟಿದ ಮೇಲೆ ರಾತ್ರಿ ಎದ್ದಿರೋಕೆ ಒಬ್ಬರಾದ್ರೂ ಬೇಕಲ್ಲ.”

ನಾನು ಅವರ ಕಡೆಗೆ ತಿರುಗಿದೆ. “ಅತ್ತೆ, ದೊಡ್ಡೋರು ನೀವು, ತಪ್ಪು ತಿಳೀಬಾರದು. ನಿನ್ನೆ ಮಧ್ಯಾಹ್ನ ನೀವು ನಿದ್ದೇಲಿ ‘ಮಟ್ಟ ನೋಡ್ರೀ’ ಅಂತಿದ್ರಿ.”

ಅತ್ತೆಯವರ ಊರುಗೋಲು ಗಾಳಿಯಲ್ಲೇ ನಿಂತಿತು. “ಅಂದಿರ್ತೀನಿ. ಬೆಳಗ್ಗೆ ಎದ್ದಾಗಿನಿಂದ ದೀಪ ಹಚ್ಚೋವರೆಗೂ ಮೇಸ್ತ್ರಿ ತಲೆ ಮೇಲೆ ನಿಂತು ‘ಮಟ್ಟ ನೋಡ್ರೀ, ಮಟ್ಟ ನೋಡ್ರೀ’ ಅಂತ ಕೂಗೋರು ಯಾರೇ? ನಿನ್ನ ದನಿ ನನ್ನ ಕನಸಿಗೂ ಬಂದು ಕೂತಿದೆ! ಇನ್ನು ನಿದ್ದೆ ಅಂತೀಯಾ, ಅಡಿಗೆಮನೆ ಗೋಡೆ ಬಿದ್ದಾಗಿನಿಂದ ನೀನು ನಾಲ್ಕು ಗಂಟೆಗೆ ಎದ್ದು ಪಾತ್ರೆ ಬಡಿಯೋದು ನಿಂತಿದೆ. ಅದಕ್ಕೇ ಬರ್ತಾ ಇದೆ, ನಂದೇ ಸ್ವಂತ ನಿದ್ದೆ!”

ತುಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗುಮಾಸ್ತರು ಚೀಟಿಯ ಮೇಲೆ ಕಣ್ಣಾಡಿಸಿ ತಲೆಯಲ್ಲಾಡಿಸಿದರು. “ಇದಲ್ಲ.”

“ಇಟ್ಟಿಗೆ, ಮಟ್ಟ, ಇದಲ್ಲದೆ ಇನ್ನೇನು?” ಎಂದು ನಾನು ಕೂಗಿದೆ.

ನಾಗೋಜಿ ನಕ್ಕುಬಿಟ್ಟರು. “ಹಗಲೆಲ್ಲ ಇಟ್ಟಿಗೆ ನೋಡೋನು ರಾತ್ರೀನೂ ಇಟ್ಟಿಗೇನೇ ನೋಡ್ಬೇಕಾ ಅಮ್ಮಾರೇ? ನಂಗೂ ಒಂದು ಮನಸ್ಸು ಬೇಡ್ವಾ?”

ಗಡಿಯಾರದಲ್ಲಿ ಹನ್ನೊಂದಕ್ಕೆ ಎಂಟು ನಿಮಿಷ. ನನ್ನ ಮೂರು ದಿನಗಳ ಪತ್ತೇದಾರಿಕೆ ಮಣ್ಣುಪಾಲಾಗಿತ್ತು. ನಾಗೋಜಿ ನಿಟ್ಟುಸಿರಿಟ್ಟು ಕರಣೆಯನ್ನು ಚೀಲಕ್ಕೆ ಹಾಕಿದರು. ಮಟ್ಟಗೋಲನ್ನೂ ಹಾಕಿದರು. ಚೀಲದ ಬಾಯಿ ಕಟ್ಟುವ ದಾರಕ್ಕೆ ಕೈ ಹೋಯಿತು. ಸೋಮವಾರದಿಂದ ಹರಡಿಬಿದ್ದಿದ್ದ ಟೈಲ್ಸುಗಳ ನಡುವೆ ನನ್ನ ಮಗಳು ಹೊಟ್ಟೆ ಹಿಡಿದು ನಿಂತಂತೆ ಕಣ್ಣಿಗೆ ಕಟ್ಟಿತು.

“ಒಂದು ನಿಮಿಷ,” ಎಂದಳು ಕಾಳಮ್ಮ. “ಎಲ್ಲರ ಕನಸೂ ಕೇಳಿದ್ರಿ. ನಿಮ್ಮದೇನಮ್ಮಾ?”

“ನಂದಾ?” ಎಂದೆ. “ನಂದು ಬಿಡಮ್ಮ, ಮಕ್ಕಳಾಟದ ಹಾಗಿದೆ. ಜನ್ಮದಲ್ಲಿ ಸೈಕಲ್ ಹತ್ತಿದವಳಲ್ಲ ನಾನು. ಆದರೆ ಈಚೆಗೆ ದಿನವೂ ಒಂದು ನೀಲಿ ಸೈಕಲ್ ಮೇಲೆ ಇಳಿಜಾರಿನಲ್ಲಿ ಬರ್ರನೆ ಇಳೀತಿರ್ತೀನಿ. ಎಷ್ಟು ಹಾಯಾಗಿರುತ್ತೆ ಅಂದ್ರೆ, ಎಚ್ಚರವೇ ಆಗಬಾರದು ಅನ್ಸುತ್ತೆ. ಹಿಂದೆ ಕ್ಯಾರಿಯರ್ ಮೇಲೆ ಒಂದು ಬಾತುಕೋಳಿ, ತಲೆಗೆ ರುಮಾಲು ಸುತ್ಕೊಂಡು...”

“...‘ಬ್ರೇಕು ಹಿಡೀಬೇಡ, ಬ್ರೇಕು ಹಿಡೀಬೇಡ’ ಅಂತ ಕಿವೀಲಿ ಹೇಳ್ತಿರುತ್ತೆ,” ಎಂದು ಮುಗಿಸಿದರು ನಾಗೋಜಿ.

ತುಂಗಕ್ಕ ಮಣೆಯಿಂದ ಅರ್ಧ ಎದ್ದಳು.

“ಇಪ್ಪತ್ತು ವರ್ಷದಿಂದ ಆ ಬಾತುಕೋಳಿ ಜೊತೆ ಸಂಸಾರ ಮಾಡ್ತಾ ಇದೀನಿ,” ಎಂದಳು ಕಾಳಮ್ಮ, ನನ್ನ ಮೇಲಿಂದ ಕಣ್ಣು ಕೀಳದೆ. “ಮಧ್ಯರಾತ್ರಿ ಎದ್ದು ನನ್ನನ್ನೂ ಎಬ್ಬಿಸಿ ಹೇಳ್ತಾನೆ. ಅದರ ರುಮಾಲಿನ ಬಣ್ಣಾನೂ ಗೊತ್ತು ನಂಗೆ.”

“ಕೆಂಪು,” ಎಂದೆ, ತಡೆದುಕೊಳ್ಳಲಾರದೆ.

ಮರಿಬಸಯ್ಯನವರು ಚೀಟಿ ಬಿಚ್ಚಿ ಒಮ್ಮೆ ಓದಿ ಮಡಚಿದರು. ನನ್ನ ರಸೀತಿಯನ್ನು ಕೇಳಿ ಪಡೆದು, ಅದನ್ನು ಮಗುಚಿ, ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. ಹನ್ನೊಂದು ಹಾಳೆಯ ಕರಾರನ್ನು ಬರೆಸಿದವಳು ಆ ಬದಿಯನ್ನು ಒಮ್ಮೆಯೂ ನೋಡಿರಲಿಲ್ಲ; ಅಲ್ಲಿದ್ದದ್ದು ಮೇಸ್ತ್ರಿ ಪಾಲಿಸಬೇಕಾದ ಷರತ್ತುಗಳಲ್ಲ, ಮನೆಯವರು ಪಾಲಿಸಬೇಕಾದವು.

“‘ಭರಣಿಯ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯತಕ್ಕದ್ದಲ್ಲ,’” ಎಂದು ಓದಿದರು. “‘ತೆರೆದು ಇಣುಕಿದವರ ಉಸಿರಿನೊಂದಿಗೆ ಪ್ರತಿ ಸಲವೂ ಒಂದು ಚಿಟಿಕೆ ಒಳಹೋಗುತ್ತದೆ.’ ದಿನಕ್ಕೆ ಎಷ್ಟು ಸಲ ನೋಡ್ತಿದ್ರಿ ತಾಯಿ?”

ನಾನು ಬಾಯಿ ಬಿಡುವ ಮೊದಲೇ ಯಜಮಾನರು ಉತ್ತರಿಸಿದರು: “ಮಲಗೋ ಮುಂಚೆ ಒಂದ್ಸಲ. ನಂಬಿಕೆ ಸಾಲದೆ ಇನ್ನೊಂದ್ಸಲ.”

ಅತ್ತೆಯವರು ಊರುಗೋಲನ್ನು ನೆಲಕ್ಕೂರಿ ಅಲುಗಲುಗಿ ನಗತೊಡಗಿದರು. ತುಂಗಕ್ಕ ಎರಡು ದಿನದ ಮೌನ ಮುರಿದು, “ಅಯ್ಯೋ ನಿನ್ನ ಎಚ್ಚರಿಕೆಗಿಷ್ಟು!” ಎಂದು ನನ್ನ ಬೆನ್ನಿಗೊಂದು ಗುದ್ದಿದಳು. ನಾಗೋಜಿಯವರಂತೂ ಯಾರ ಅಪ್ಪಣೆಗೂ ಕಾಯಲಿಲ್ಲ. ಚೀಲ ಬಿಚ್ಚಿ, ಕರಣೆ ಹಿಡಿದು, ಬಚ್ಚಲಿನೊಳಗೆ ಆಗಲೇ ಮಂಡಿಯೂರಿದ್ದರು. “ಎರಡು ಹಗಲು, ಎರಡು ರಾತ್ರಿ ಇದೆ ಅಮ್ಮಾರೇ. ವೈಜಮ್ಮಾರು ಬರೋ ಹೊತ್ತಿಗೆ ಕೊಳಾಯೀಲಿ ಬಿಸಿನೀರು ಬರುತ್ತೆ. ಜೊತೆಗೆ ಎದ್ದಿರೋಕೆ ನೀವೂ ಇರ್ತೀರಲ್ಲ, ಮಟ್ಟ ನೋಡ್ತಿರಿ!” ಎಂದು ಒಳಗಿನಿಂದಲೇ ಕೂಗಿದರು. ಗಾರೆ ಕಲೆಸುವ ಸದ್ದು ನಾಲ್ಕು ದಿನಗಳ ಬಳಿಕ ಮತ್ತೆ ಕಿವಿಗೆ ಬಿತ್ತು. ಅದಕ್ಕಿಂತ ಇಂಪಾದದ್ದನ್ನು ನಾನು ಕೇಳಿದ್ದಿಲ್ಲ.

ಮರಿಬಸಯ್ಯನವರು ತಾಮ್ರದ ಆಲಿಕೆಯನ್ನು ಒರೆಸಿ ನನ್ನ ಮುಂದಿಟ್ಟರು. ಬಳಿಕ ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡು, ಕಳ್ಳರ ಹೆಸರು ಬರೆಯುವ ಖಾಲಿ ಜಾಗದಲ್ಲಿ, ದಪ್ಪ ದುಂಡನೆಯ ಅಕ್ಷರಗಳಲ್ಲಿ, ತಾವು ಬರೆಯುತ್ತಿದ್ದದ್ದನ್ನು ಎಲ್ಲರಿಗೂ ಕೇಳುವಂತೆ ಓದುತ್ತ ಒಂದೇ ಸಾಲು ಬರೆದರು:

ಅಂಬುಜಾಕ್ಷಿ ಶ್ರೀಪತಿರಾವ್, ಮನೆಯೊಡತಿ.